ಹೂಳು ಅಂದರೆ ಒಂದೇ ಅಲ್ಲ: ತುಂಗಭದ್ರೆಯ ಮರಳು, ಮಣ್ಣಿನ ಲೆಕ್ಕ

ಹೋದ ಬೇಸಿಗೆಯಲ್ಲಿ ಹರಿಹರದ ಹತ್ತಿರ ತುಂಗಭದ್ರೆಯ ಪಾತ್ರಕ್ಕೆ ಇಳಿದಿದ್ದೆ. ವಾಪಸು ಬರುವಾಗ ನಾಲ್ಕು ಹಿಡಿ ತಳದ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ಬಂದೆ. ಮನೆಯಲ್ಲಿ ಅದನ್ನು ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿದೆ. ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಸುಮ್ನೆ ನೋಡುತ್ತಾ ನಿಂತೆ. ಸಣ್ಣ ಕಲ್ಲುಗಳು ಬಾಟಲಿ ಇಡುವಷ್ಟರಲ್ಲೇ ತಳ ಸೇರಿದ್ದವು. ದಪ್ಪ ಮರಳು ಎರಡು ಮೂರು ಸೆಕೆಂಡಿನಲ್ಲಿ ಕೂತಿತು. ನುಣ್ಣನೆಯ ಮರಳಿಗೆ ಅರ್ಧ ನಿಮಿಷ ಬೇಕಾಯಿತು. ಅದರ ಮೇಲಿನ ನೀರು ಮಾತ್ರ ಚಹಾದ ಬಣ್ಣದಲ್ಲೇ ಉಳಿಯಿತು. ರಾತ್ರಿ ಮಲಗುವಾಗಲೂ ಹಾಗೇ ಇತ್ತು. ಮಾರನೇ ದಿನ ಬೆಳಿಗ್ಗೆಯೂ ಪೂರ್ತಿ ತಿಳಿಯಾಗಿರಲಿಲ್ಲ.

ಈ ಬಾಟಲಿಯಲ್ಲಿ ಕಂಡದ್ದೆಲ್ಲವನ್ನೂ ಸೇರಿಸಿ ನಾವು ‘ಹೂಳು’ ಎಂದುಬಿಡುತ್ತೇವೆ. ಹೂಳು ತೆಗೆಯಿರಿ, ಹೂಳಿನಿಂದ ನೀರು ಕಡಿಮೆಯಾಯಿತು, ಹೂಳಿನಲ್ಲಿ ಮರಳಿದೆ, ಮಾರಿದರೆ ಖರ್ಚು ವಾಪಸು ಬರುತ್ತದೆ. ಸಭೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಈ ಮಾತುಗಳು ವರ್ಷಾ ವರ್ಷ ಬರುತ್ತವೆ. ನನಗೆ ಇದರಲ್ಲಿ ಕಾಣುವ ತೊಂದರೆ ಒಂದೇ. ಕಲ್ಲು, ಮರಳು, ಜೇಡಿ ಇವು ಮೂರೂ ಬರುವ ಜಾಗ ಬೇರೆ, ಸಾಗುವ ರೀತಿ ಬೇರೆ, ನಿಲ್ಲುವ ಜಾಗ ಬೇರೆ. ಇವನ್ನು ಒಂದೇ ಎಂದುಕೊಂಡು ಮಾಡಿದ ಲೆಕ್ಕ ತಪ್ಪುತ್ತದೆ.

ಮೊದಲು ತುಂಗಭದ್ರಾ ಅಣೆಕಟ್ಟಿನ ವಿಷಯಕ್ಕೆ ಬರೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಇಡೀ ರಾಜ್ಯ ಅದನ್ನು ಉಸಿರು ಬಿಗಿಹಿಡಿದು ನೋಡಿತು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದ ಕೆಲಸಗಾರರಿಗೆ ಜನ ಕೈ ಮುಗಿದರು. ಉಳಿದ ಗೇಟ್‌ಗಳ ಸ್ಥಿತಿ ನೋಡಿ 2025ರ ಮಳೆಗಾಲದಲ್ಲಿ ಜಲಾಶಯವನ್ನು 80 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಆಸುಪಾಸಿಗೆ ಮಾತ್ರ ತುಂಬಿಸಬೇಕಾಯಿತು. ಗೇಟ್ ಮುರಿದಾಗ ಹೋದ ನೀರು ಎಲ್ಲರ ಕಣ್ಣಿಗೂ ಕಂಡಿತು. ಆದರೆ ಅದಕ್ಕಿಂತ ದೊಡ್ಡ ನಷ್ಟ ಎಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ಆಗುತ್ತಲೇ ಇದೆ. 1953ರಲ್ಲಿ ನೀರು ತುಂಬಿಸಿದಾಗ ಈ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. 2016ರ ಸರ್ವೆಯ ಪ್ರಕಾರ 105.788 ಟಿಎಂಸಿ. ಅಂದರೆ 27 ಟಿಎಂಸಿಯಷ್ಟು ಜಾಗವನ್ನು ಹೂಳು ತುಂಬಿಕೊಂಡಿದೆ.

ಇದರ ಹಿಂದಿನ, 2008ರ ಸರ್ವೆ 100.855 ಟಿಎಂಸಿ ಎಂದಿತ್ತು. ಎಂಟು ವರ್ಷದಲ್ಲಿ ಹೂಳು ಕರಗಿ ಹೋಯಿತೇ? ಇಲ್ಲ. ಅಳೆಯುವ ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತದೆ. ನೀರಿನಡಿಯ ನೆಲವನ್ನು ಅಳೆಯುವುದು ಅಷ್ಟು ಸುಲಭದ ಕೆಲಸವಲ್ಲ. ಹಾಗಾಗಿ ದಶಾಂಶದ ಮುಂದಿನ ಮೂರು ಅಂಕಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. 27 ಟಿಎಂಸಿ ಎಂಬ ದೊಡ್ಡ ಲೆಕ್ಕವನ್ನು ಇಟ್ಟುಕೊಂಡು ಮುಂದೆ ಹೋಗುತ್ತೇನೆ.

27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಜಲಾಶಯ ತುಂಬಿದಾಗ ನೀರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಈ ಹೂಳನ್ನು ಅಷ್ಟು ಜಾಗಕ್ಕೂ ಸಮನಾಗಿ ಹರಡಿದರೆ ಎರಡು ಮೀಟರ್ ದಪ್ಪ ಬರುತ್ತದೆ. ಎತ್ತರದ ಮನುಷ್ಯ ನಿಂತರೂ ಮುಳುಗುತ್ತಾನೆ. ಆದರೆ ನದಿ ಸಮನಾಗಿ ಹರಡುವುದಿಲ್ಲ. ಯಾಕೆ ಎನ್ನುವುದೇ ಇಲ್ಲಿನ ವಿಷಯ.

ನೀರಿನಲ್ಲಿ ಬೀಳುವ ಕಣದ ವೇಗ ಅದರ ಗಾತ್ರದ ಮೇಲೆ ಎಷ್ಟೊಂದು ನಿಂತಿದೆ ನೋಡಿ. ಒಂದು ಮಿಲಿಮೀಟರ್ ದಪ್ಪದ ಮರಳಿನ ಕಾಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಏಳೆಂಟು ಸೆಕೆಂಡು ಸಾಕು. ಅದರ ಹತ್ತರಲ್ಲಿ ಒಂದರಷ್ಟು ಸಣ್ಣ ಮರಳಿಗೆ ಎರಡು ನಿಮಿಷ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದರಷ್ಟಿರುವ ಜೇಡಿ ಕಣಕ್ಕೆ ಮೂರು ದಿನ ಬೇಕು. ಅದೂ ನೀರು ಕದಲದೆ ಇದ್ದರೆ. ಹರಿಯುವ ನದಿಯಲ್ಲಿ ಸುಳಿಗಳು ಅದನ್ನು ಮತ್ತೆ ಮತ್ತೆ ಮೇಲಕ್ಕೆ ಎತ್ತುತ್ತವೆ. ಅದು ತಳ ಮುಟ್ಟುವುದೇ ಇಲ್ಲ.

ಹಾಗಾಗಿ ಮಳೆಗಾಲದ ನದಿಯಲ್ಲಿ ಒಂದೇ ಹೊತ್ತಿಗೆ ಎರಡು ಬಗೆಯ ಪ್ರಯಾಣ ನಡೆಯುತ್ತದೆ. ಜೂನ್ ಕೊನೆಯಲ್ಲಿ ‘ಕೆಂಪು ನೀರು ಬಂತು’ ಎಂದು ನದಿ ದಂಡೆಯ ಊರಿನವರು ಹೇಳುತ್ತಾರಲ್ಲ, ಆ ಕೆಂಪು ಜೇಡಿಯದು. ಅದು ನೀರಿನ ಜೊತೆ ನೀರಿನಷ್ಟೇ ವೇಗವಾಗಿ ಹೋಗುತ್ತದೆ. ಶಿವಮೊಗ್ಗದ ಕಡೆ ಕದಡಿದ ನೀರು ಕೆಲವು ದಿನಗಳಲ್ಲಿ ಜಲಾಶಯದಲ್ಲಿ ಇರುತ್ತದೆ. ಕೆಳಗೆ, ನಮ್ಮ ಕಣ್ಣಿಗೆ ಕಾಣದ ತಳದಲ್ಲಿ, ಮರಳು ಮತ್ತು ಕಲ್ಲು ಉರುಳುತ್ತಾ, ಹಾರುತ್ತಾ, ನಿಲ್ಲುತ್ತಾ ಸಾಗುತ್ತವೆ. ಒಂದು ಪ್ರವಾಹದಲ್ಲಿ ಸ್ವಲ್ಪ ದೂರ. ಆಮೇಲೆ ಇನ್ನೊಂದು ಪ್ರವಾಹ ಬರುವವರೆಗೆ ಅಲ್ಲೇ ಬಿದ್ದಿರುತ್ತವೆ. ಈ ವರ್ಷ ಹರಿಹರದಲ್ಲಿ ನಾನು ಮುಟ್ಟಿದ ಒಂದು ಉರುಟು ಕಲ್ಲು ಹೊಸಪೇಟೆ ಮುಟ್ಟಲು ಎಷ್ಟು ಮಳೆಗಾಲ ಬೇಕೋ.

ಇನ್ನೊಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಜೇಡಿ ಎಷ್ಟು ಬಂದರೂ ನದಿಗೆ ಭಾರವಿಲ್ಲ. ಹೊಲಗಳು, ಗುಡ್ಡಗಳು ಎಷ್ಟು ಕೊಡುತ್ತವೋ ಅಷ್ಟನ್ನೂ ಅದು ಹೊತ್ತು ಸಾಗುತ್ತದೆ. ಮರಳಿನ ಲೆಕ್ಕ ಹಾಗಲ್ಲ. ತಳದಲ್ಲಿ ಮರಳು ಬೇಕಾದಷ್ಟಿದೆ, ಎಷ್ಟು ಸಾಗಬೇಕು ಎನ್ನುವುದನ್ನು ನೀರಿನ ಶಕ್ತಿ ತೀರ್ಮಾನ ಮಾಡುತ್ತದೆ. ಜೇಡಿ ಎಷ್ಟು ಬರುತ್ತದೆ ಎನ್ನುವುದು ನೆಲದ ಕೈಯಲ್ಲಿದೆ. ಮರಳು ಎಷ್ಟು ಸಾಗುತ್ತದೆ ಎನ್ನುವುದು ಪ್ರವಾಹದ ಕೈಯಲ್ಲಿದೆ.

ಇವೆರಡೂ ಬೇರೆ ಬೇರೆಯಾಗಿ ಇದ್ದಿದ್ದರೆ ಎಂಜಿನಿಯರುಗಳ ಕೆಲಸ ಹಗುರವಾಗುತ್ತಿತ್ತು. ಆದರೆ ನದಿಯ ತಳದಲ್ಲಿ ಎಲ್ಲವೂ ಕಲೆತಿರುತ್ತವೆ. ಕಲೆತಾಗ ಒಂದರ ನಡವಳಿಕೆಯನ್ನು ಇನ್ನೊಂದು ಬದಲಿಸುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಅಚ್ಚರಿ ತಂದದ್ದು ಇದೇ.

ಸಣ್ಣ ಕಲ್ಲು ಬೇಗ ಕದಲುತ್ತದೆ, ದೊಡ್ಡ ಕಲ್ಲು ನಿಧಾನ ಎಂದು ನಾವು ಅಂದುಕೊಳ್ಳುತ್ತೇವೆ. ಒಂದೇ ಗಾತ್ರದ ಕಲ್ಲುಗಳ ತಳದಲ್ಲಿ ಇದು ನಿಜ. ಕಲೆತ ತಳದಲ್ಲಿ ಪೂರ್ತಿ ನಿಜವಲ್ಲ. ದೊಡ್ಡ ಕಲ್ಲುಗಳ ನಡುವೆ ಅಡಗಿ ಕೂತ ಸಣ್ಣ ಕಲ್ಲಿಗೆ ನೀರಿನ ಪೆಟ್ಟು ತಾಗುವುದಿಲ್ಲ. ತಲೆ ಎತ್ತಿ ನಿಂತ ದೊಡ್ಡ ಕಲ್ಲಿಗೆ ಪೂರ್ತಿ ಪೆಟ್ಟು ಬೀಳುತ್ತದೆ. ಗಾಳಿ ಬೀಸುವ ಜೋಳದ ಹೊಲ ನೋಡಿ. ಎತ್ತರದ ದಂಟುಗಳು ತೂಗಾಡುತ್ತವೆ, ಅವುಗಳ ಬುಡದಲ್ಲಿ ಬಿತ್ತಿದ ಅಕ್ಕಡಿ ಕಾಳಿನ ಗಿಡ ಅಲುಗುವುದೇ ಇಲ್ಲ. ಹೀಗಾಗಿ ಕಲೆತ ತಳದಲ್ಲಿ ಸಣ್ಣದು, ದೊಡ್ಡದು ಎರಡೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕದಲಲು ಶುರುವಾಗಬಹುದು. ಈ ‘ಅಡಗುವ’ ಪರಿಣಾಮವನ್ನು 1950ರಲ್ಲೇ ಲೆಕ್ಕಕ್ಕೆ ತಂದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಹೌದು, ಆ ಐನ್‌ಸ್ಟೈನರ ಮಗನೇ. ನದಿಯ ತಳದಲ್ಲಿ ಕಲ್ಲು ಯಾವಾಗ ಎದ್ದು ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆಗೆ ಅವರು ತಮ್ಮ ಬದುಕಿನ ಬಹುಪಾಲನ್ನು ಕೊಟ್ಟರು.

ಅವರಿಗಿಂತ ಮುಂಚೆ, 1914ರಲ್ಲಿ, ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬರ್ಕ್ಲಿಯಲ್ಲಿ ಮರದ ಕಾಲುವೆಗಳನ್ನು ಕಟ್ಟಿ ನೀರು ಹರಿಸಿ ಮಾಡಿದ ಪ್ರಯೋಗಗಳು ಪ್ರಕಟವಾದವು. ಅದರಲ್ಲಿ ಒಂದು ವಿಚಿತ್ರ ಕಂಡಿತ್ತು. ದಪ್ಪ ಕಲ್ಲಿನ ಜೊತೆ ನುಣ್ಣನೆಯ ಮರಳು ಸೇರಿಸಿದರೆ ನೀರು ಹೊರುವ ಒಟ್ಟು ಭಾರ ಹೆಚ್ಚಾಗುವುದಷ್ಟೇ ಅಲ್ಲ, ದಪ್ಪ ಕಲ್ಲೇ ಮೊದಲಿಗಿಂತ ಜಾಸ್ತಿ ಸಾಗಲು ಶುರುಮಾಡುತ್ತದೆ. ಭಾರ ಹೆಚ್ಚಿಸಿದರೆ ಕೆಲಸ ಹಗುರವಾಗುವುದು ಹೇಗೆ? ಕಲ್ಲುಗಳ ನಡುವಿನ ಗುಳಿಗಳನ್ನು ಮರಳು ತುಂಬುತ್ತದೆ, ತಳ ನುಣುಪಾಗುತ್ತದೆ. ಕಲ್ಲಿಗೆ ತಡೆಯಾಗಿದ್ದ ಪಕ್ಕದ ಕಲ್ಲಿನ ಹಿಡಿತ ಸಡಿಲವಾಗುತ್ತದೆ. ಅಡುಗೆಮನೆಯ ನೆಲದ ಮೇಲೆ ರಾಗಿ ಚೆಲ್ಲಿದಾಗ ಕಾಲಿಟ್ಟವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮುಂದಿನ ಪ್ರಯೋಗಗಳು ಇದನ್ನು ಇನ್ನೂ ಸ್ಪಷ್ಟ ಮಾಡಿದವು. ತಳದಲ್ಲಿ ಮರಳಿನ ಪಾಲು ನೂರಕ್ಕೆ ಹತ್ತರಿಂದ ಮೂವತ್ತಕ್ಕೆ ಏರುವ ಹೊತ್ತಿಗೆ ಕಲ್ಲುಗಳು ಒಂದಕ್ಕೊಂದು ಆನಿಸಿಕೊಂಡು ನಿಲ್ಲುವುದು ತಪ್ಪುತ್ತದೆ. ಅವು ಮರಳಿನಲ್ಲಿ ಹೂತು ತೇಲಿದ ಹಾಗೆ ಇರುತ್ತವೆ. ಆಗ ಮೊದಲಿನ ಅದೇ ಪ್ರವಾಹ ಹಲವು ಪಟ್ಟು ಕಲ್ಲನ್ನು ಸಾಗಿಸುತ್ತದೆ.

ಜೇಡಿ ಸೇರಿದರೆ ಆಗುವುದು ಇದರ ತಿರುಗು ಮುರುಗು. ಮರಳಿನಲ್ಲಿ ಜೇಡಿಯ ಪಾಲು ನೂರಕ್ಕೆ ಐದರಿಂದ ಹದಿನೈದು ದಾಟಿದರೆ ತಳ ಅಂಟಿಕೊಳ್ಳುತ್ತದೆ. ಜೇಡಿ ಕಣ ಎಷ್ಟೇ ಸಣ್ಣದಾಗಿದ್ದರೂ ಒಂದನ್ನೊಂದು ಹಿಡಿದುಕೊಂಡ ಮೇಲೆ ಬಿಡಿಸುವುದು ಕಷ್ಟ. ನನ್ನ ಬಾಟಲಿಯನ್ನು ಒಂದು ತಿಂಗಳ ನಂತರ ಮೆಲ್ಲಗೆ ಬಾಗಿಸಿದೆ. ನೀರು ಬಾಗಿತು. ಮೇಲೆ ಕೂತ ಜೇಡಿಯ ಪದರ ಅಲುಗಲಿಲ್ಲ, ಅದರ ಕೆಳಗಿದ್ದ ಮರಳನ್ನೂ ಅಲುಗಲು ಬಿಡಲಿಲ್ಲ.

ಈಗ ಈ ಮಿಶ್ರಣ ಜಲಾಶಯಕ್ಕೆ ಬಂದಾಗ ಏನಾಗುತ್ತದೆ ನೋಡೋಣ. ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದರೆ ಸಾಕು. ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಜೊಳ್ಳು ಸ್ವಲ್ಪ ಆಚೆ. ಹೊಟ್ಟು ದೂರ ಹಾರುತ್ತದೆ. ನದಿ ನಿಂತ ನೀರನ್ನು ಸೇರುವ ಜಾಗದಲ್ಲಿ ಅದರ ಶಕ್ತಿ ಕುಸಿಯುತ್ತದೆ. ದಪ್ಪ ಮರಳು ಅಲ್ಲೇ, ಹಿನ್ನೀರಿನ ತಲೆಭಾಗದಲ್ಲಿ, ದಿಬ್ಬದ ಹಾಗೆ ಬೀಳುತ್ತದೆ. ನುಣ್ಣನೆಯ ಮರಳು ಅದರ ಮುಂದೆ. ಜೇಡಿ ಮಾತ್ರ ಕಿಲೋಮೀಟರ್‌ಗಟ್ಟಲೆ ತೇಲಿಕೊಂಡು ಅಣೆಕಟ್ಟಿನ ಗೋಡೆಯವರೆಗೂ ಹೋಗಿ ನಿಧಾನಕ್ಕೆ ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ತಲೆಭಾಗದ ದಿಬ್ಬ ಬಯಲಾಗುತ್ತದೆ. ಜೂನ್‌ನ ಮೊದಲ ನೀರು ಅದನ್ನು ಕೊರೆದು ಮರಳನ್ನು ಇನ್ನಷ್ಟು ಒಳಗೆ ತಳ್ಳುತ್ತದೆ.

ಅಂದರೆ ಮರಳು ಬೇಕಾದವರು ಅಗೆಯಬೇಕಾದ ಜಾಗ ಒಂದು. ಅಣೆಕಟ್ಟಿನ ಹತ್ತಿರ ನೀರಿಗೆ ಜಾಗ ಬೇಕಾದವರು ಅಗೆಯಬೇಕಾದ ಜಾಗ ಇನ್ನೊಂದು. ಗೋಡೆಯ ಹತ್ತಿರ ಸಿಗುವುದು ಜೇಡಿ. ಅದು ಹೊಲಕ್ಕೆ ಒಳ್ಳೆಯದು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದದ್ದು ಇದೇ ಕಾರಣಕ್ಕೆ. ಆದರೆ ಅದನ್ನು ಮನೆ ಕಟ್ಟಲು ಮಾರಿ ಖರ್ಚು ವಾಪಸು ಪಡೆಯುವ ಮಾತು ನಡೆಯುವುದಿಲ್ಲ. ಗಾರೆಗೆ ಜೇಡಿ ಸೇರಿದರೆ ಗೋಡೆ ಕೆಡುತ್ತದೆ ಎನ್ನುವುದು ಪ್ರತಿ ಮೇಸ್ತ್ರಿಗೂ ಗೊತ್ತು.

2017ರ ಬರದ ಬೇಸಿಗೆಯಲ್ಲಿ ತುಂಗಭದ್ರೆಯ ರೈತರು ತಾವೇ ಹೂಳು ಎತ್ತಲು ಇಳಿದರು. ಅದನ್ನು ‘ಹೂಳಿನ ಜಾತ್ರೆ’ ಎಂದು ಕರೆದರು. ಟ್ರ್ಯಾಕ್ಟರ್ ತಂದರು, ಹಣ ಹಾಕಿದರು, ಊಟ ಹಾಕಿದರು. ಆ ಶ್ರಮವನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಆದರೆ ಲೆಕ್ಕ ಬಹಳ ಕಠಿಣವಾಗಿದೆ. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಎಂದಿಟ್ಟುಕೊಳ್ಳಿ. 27 ಟಿಎಂಸಿ ಹೂಳಿಗೆ ಏಳೂವರೆ ಕೋಟಿ ಟಿಪ್ಪರ್ ಲೋಡ್. ದಿನಕ್ಕೆ ಸಾವಿರ ಲೋಡ್ ಬಿಡುವಿಲ್ಲದೆ ಹೊಡೆದರೂ ಇನ್ನೂರು ವರ್ಷ ದಾಟುತ್ತದೆ. ಹಳೆಯದನ್ನು ಬಿಡಿ, ಹೊಸದಾಗಿ ಬರುವುದನ್ನಾದರೂ ತೆಗೆಯೋಣ ಎಂದರೆ? 63 ವರ್ಷಕ್ಕೆ 27 ಟಿಎಂಸಿ, ಸರಾಸರಿ ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್. ದಿನಕ್ಕೆ 3,300 ಲೋಡ್, 365 ದಿನವೂ. ಮಳೆಗಾಲದಲ್ಲಿ ಅಲ್ಲಿ ಟಿಪ್ಪರ್ ಇಳಿಯುವುದಿಲ್ಲ, ದೋಣಿ ಮಾತ್ರ. ತೆಗೆದದ್ದನ್ನು ಸುರಿಯಲು ಜಾಗ ಎಲ್ಲಿ ಎನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಬಂದದ್ದೇ ಈ ಕಾರಣಕ್ಕೆ. ಹೂಳು ಕಸಿದ ಜಾಗವನ್ನು ಬೇರೆ ಕಡೆ ಹುಡುಕುವ ಪ್ರಯತ್ನ ಅದು.

ಹಾಗಾದರೆ ಪ್ರವಾಹದ ಜೊತೆಯೇ ಹೂಳನ್ನು ಆಚೆ ಕಳಿಸಬಹುದಲ್ವಾ? ಕೆಲವು ಕಡೆ ಕಳಿಸುತ್ತಾರೆ. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟಿನಲ್ಲಿ 1960ರಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಹೂಳು ವಿಪರೀತ ತುಂಬಿತು. ಆಮೇಲೆ ಅಲ್ಲಿ ತಳಮಟ್ಟದಲ್ಲಿ ತೂಬುಗಳನ್ನು ತೆರೆದರು. ಕೆಸರು ನೀರನ್ನು ಬಿಟ್ಟುಬಿಡುವುದು, ತಿಳಿ ನೀರನ್ನು ಹಿಡಿಯುವುದು ಎಂಬ ಕ್ರಮ ಹಾಕಿಕೊಂಡರು. ತುಂಗಭದ್ರೆಯಲ್ಲಿ ಇದು ಕಷ್ಟ. ಇಲ್ಲಿನ 33 ಕ್ರಸ್ಟ್ ಗೇಟ್‌ಗಳು 20 ಅಡಿ ಎತ್ತರದವು, ಕೂತಿರುವುದು ಅಣೆಕಟ್ಟಿನ ನೆತ್ತಿಯಲ್ಲಿ. ಅಂದರೆ ಅವುಗಳಿಂದ ಆಚೆ ಹೋಗುವುದು ಮೇಲಿನ 20 ಅಡಿಯ ನೀರು ಮಾತ್ರ. ಪ್ರವಾಹದ ದಿನಗಳಲ್ಲಿ ಒಂದಷ್ಟು ಜೇಡಿ ಆ ದಾರಿಯಲ್ಲಿ ಹೋಗಬಹುದು. ಮರಳು ಹೋಗುವುದಿಲ್ಲ. ತಳದಲ್ಲಿ ಗಟ್ಟಿಯಾದ ಹಳೆಯ ಜೇಡಿಯಂತೂ ಹೋಗುವ ಮಾತೇ ಇಲ್ಲ. ಮೇಲಾಗಿ, ಬೇಸಿಗೆಯಿಡೀ ಒಣಗಿ ಉತ್ತ ಹೊಲಗಳ ಮಣ್ಣನ್ನು ಹೊತ್ತು ಬರುವ ಮೊದಲ ನೀರೇ ಅತಿ ಕೆಸರಿನ ನೀರು. ಕಾಲುವೆ ಕೊನೆಯ ರೈತ ಜುಲೈನಲ್ಲಿ ನಾಟಿಗೆ ಕಾಯುತ್ತಿರುವುದೂ ಅದೇ ನೀರಿಗೆ. ಅವನ ಮುಂದೆ ನಿಂತು ಆ ನೀರನ್ನು ಬಿಟ್ಟುಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಉಳಿದದ್ದು ಮೇಲ್ಭಾಗ. ತುಂಗಭದ್ರಾ ಅಣೆಕಟ್ಟಿಗೆ ನೀರು ಕೊಡುವ ನೆಲ ಸುಮಾರು 28,000 ಚದರ ಕಿಲೋಮೀಟರ್. ವರ್ಷದ ಹೂಳನ್ನು ಅದರ ಮೇಲೆ ಹರಡಿದರೆ ಅರ್ಧ ಮಿಲಿಮೀಟರ್ ಕೂಡ ಬರುವುದಿಲ್ಲ. ನಾಲ್ಕು ಹಾಳೆ ಕಾಗದದಷ್ಟು ದಪ್ಪ. ಭದ್ರಾ ಜಲಾಶಯ ತನ್ನ ಪಾಲಿನ ಹೂಳನ್ನು ಲಕ್ಕವಳ್ಳಿಯಲ್ಲೇ ಹಿಡಿದುಕೊಂಡ ಮೇಲೆ ಉಳಿದ ಲೆಕ್ಕ ಇದು. ಯಾವ ರೈತನೂ ತನ್ನ ಹೊಲದಲ್ಲಿ ವರ್ಷಕ್ಕೆ ನಾಲ್ಕು ಹಾಳೆ ಮಣ್ಣು ಹೋದದ್ದನ್ನು ಗಮನಿಸಲಾರ. ಆದರೆ ಹೋಗುವುದು ಮೇಲಿನ, ಸಾರವಿರುವ, ನುಣುಪಾದ ಮಣ್ಣೇ. ಎಲ್ಲ ಕಡೆಯಿಂದ ಒಂದೇ ಸಮನಾಗಿ ಹೋಗುವುದೂ ಇಲ್ಲ. ಗಣಿ, ರಸ್ತೆಗಾಗಿ ಕಡಿದ ಗುಡ್ಡ, ಬೋಳಾದ ಇಳಿಜಾರು ತಮ್ಮ ಅಳತೆಗೆ ಮೀರಿ ಮಣ್ಣು ಕೊಡುತ್ತವೆ. ಕುದುರೆಮುಖದಲ್ಲಿ ಗಣಿಗಾರಿಕೆ ನಡೆದಷ್ಟು ಕಾಲ ಭದ್ರೆಯ ನೀರಿನ ಬಣ್ಣ ಇದನ್ನು ತೋರಿಸುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಬದು ಹಾಕುವುದು, ಇಳಿಜಾರಿಗೆ ಅಡ್ಡ ಉಳುವುದು, ಹಳ್ಳದ ದಂಡೆಯ ಗಿಡ ಉಳಿಸುವುದು ಇವೆಲ್ಲ ಜೇಡಿಗೆ ಕೆಲಸ ಮಾಡುವ ಮದ್ದು. ಯಾಕೆಂದರೆ ಜೇಡಿ ನೆಲದ ಕೈಯಲ್ಲಿದೆ ಎಂದು ಆಗಲೇ ಹೇಳಿದೆ.

ಮರಳಿಗೆ ಈ ಮದ್ದು ನಾಟುವುದು ಕಡಿಮೆ. ಅದು ಆಗಲೇ ನದಿಯ ಪಾತ್ರದಲ್ಲಿದೆ. ಇಲ್ಲಿ ಕೆಲವರು ಒಂದು ವಾದ ಮುಂದಿಡುತ್ತಾರೆ. ಹರಿಹರ, ಹೊನ್ನಾಳಿ, ರಾಣೆಬೆನ್ನೂರು ಕಡೆ ನದಿಯಿಂದ ಮರಳು ತೆಗೆದರೆ ಜಲಾಶಯಕ್ಕೆ ಹೂಳು ಕಡಿಮೆ ಬರುತ್ತದೆ, ಒಳ್ಳೆಯದೇ ಅಲ್ವಾ ಎಂದು. ಕೇಳಲು ಸರಿ ಅನಿಸುತ್ತದೆ. ಆದರೆ ಮರಳನ್ನು ಹೊರುವ ಶಕ್ತಿ ನೀರಿನಲ್ಲಿ ಹಾಗೇ ಉಳಿದಿರುತ್ತದೆ. ಹೊರೆ ಇಲ್ಲದ ನೀರು ಹಸಿದ ನೀರು. ಅದು ಗುಂಡಿಯ ಮೇಲಿನ ಅಂಚನ್ನು ತಿನ್ನುತ್ತಾ ಹಿಂದಕ್ಕೆ ಹೋಗುತ್ತದೆ, ದಂಡೆಯ ಹೊಲವನ್ನು ಕೆಡವುತ್ತದೆ, ಸೇತುವೆಯ ಕಂಬದ ಬುಡ ಬಗೆಯುತ್ತದೆ. ದಂಡೆ ಕುಸಿದಾಗ ಬರುವ ಮಣ್ಣಿನಲ್ಲಿ ಜೇಡಿಯೇ ಜಾಸ್ತಿ. ಅದು ನೇರ ಜಲಾಶಯಕ್ಕೆ ಹೋಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಸುತ್ತಲ ಜನ ದೂರಿದ್ದು ಮರಳುಗಾರಿಕೆಯನ್ನೇ.

ಇನ್ನೊಂದು ನಷ್ಟ ಹೊರಗಿನಿಂದ ಗೊತ್ತಾಗುವುದಿಲ್ಲ. ಕಲೆತ ತಳದ ಮೇಲ್ಪದರದಲ್ಲಿ ಕಾಲಕ್ರಮೇಣ ದಪ್ಪ ಕಲ್ಲುಗಳು ಒಂದಕ್ಕೊಂದು ಹೆಣೆದುಕೊಂಡು ಕವಚದ ಹಾಗೆ ಕೂರುತ್ತವೆ. ಸಣ್ಣ ಪ್ರವಾಹಗಳು ಅದರ ಕೆಳಗಿನ ಮರಳನ್ನು ಮುಟ್ಟಲಾರವು. ಜೆಸಿಬಿ ಆ ಕವಚವನ್ನು ಒಂದು ದಿನದಲ್ಲಿ ಕಿತ್ತು ಹಾಕುತ್ತದೆ. ಆಮೇಲೆ ದೊಡ್ಡ ಪ್ರವಾಹದಲ್ಲಿ ಸಾಗಬೇಕಾದ ಮರಳು ಸಣ್ಣ ಮಳೆಗೇ ಸಾಗುತ್ತದೆ.

ಅಣೆಕಟ್ಟಿನ ಕೆಳಗಿನ ಕಥೆ ಚಿಕ್ಕದು, ಆದರೆ ನೋವಿನದು. ಹೊಸಪೇಟೆಯ ಕೆಳಗೆ ತುಂಗಭದ್ರೆಗೆ ಮೇಲಿನ ಮರಳು ಬರುವುದು ನಿಂತು ಎಪ್ಪತ್ತು ವರ್ಷ ದಾಟಿದೆ. ಅಲ್ಲಿ ಈಗಿರುವುದು ಹಳೆಯ ಮರಳು, ಮತ್ತು ಹಗರಿಯಂಥ ಉಪನದಿಗಳು, ಹಳ್ಳಗಳು ತರುವ ಮರಳು. ಅಲ್ಲಿಂದ ತೆಗೆದ ಪ್ರತಿ ಲೋಡ್ ಉಳಿತಾಯದ ಗಂಟಿನಿಂದ ತೆಗೆದದ್ದು. ತಿಂಗಳ ಸಂಬಳದಿಂದ ಅಲ್ಲ.

ನಿಯಮಗಳು ಇದನ್ನು ಒಪ್ಪಿಕೊಂಡಿವೆ. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿ ಮರಳು ತೆಗೆಯುವ ಆಳವನ್ನು ಮೂರು ಮೀಟರ್‌ಗೆ ಮಿತಿಗೊಳಿಸಿದೆ. 2020ರ ಮಾರ್ಗಸೂಚಿ ಪ್ರತಿ ವರ್ಷ ಎಷ್ಟು ಮರಳು ಮತ್ತೆ ಬಂದು ತುಂಬುತ್ತದೆ ಎಂದು ಅಳೆಯಬೇಕು ಎನ್ನುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಅಧ್ಯಯನ ಇಲ್ಲದ ಜಿಲ್ಲಾ ಸಮೀಕ್ಷಾ ವರದಿಯ (ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳಿದೆ ಎಂಬ ವರದಿ) ಮೇಲೆ ಮರಳು ತೆಗೆಯಲು ಅನುಮತಿ ಕೊಡುವಂತಿಲ್ಲ ಎಂದಿತು. ನನ್ನ ಮಟ್ಟಿಗೆ ಇದು ಈ ವಿಷಯದಲ್ಲಿ ಬಂದ ಅತಿ ಮುಖ್ಯ ಮಾತು. ಆದರೆ ಮತ್ತೆ ತುಂಬುವ ಮರಳನ್ನು ಅಳೆಯುವುದು ಹೇಗೆ?

ಕೇಂದ್ರ ಜಲ ಆಯೋಗ ನಮ್ಮ ನದಿಗಳಲ್ಲಿ ಹೂಳನ್ನು ಅಳೆಯುತ್ತದೆ. ಜಲಾಶಯದ ಮೇಲೆ ಹಾವೇರಿ ಜಿಲ್ಲೆಯ ಹರಳಹಳ್ಳಿಯಲ್ಲಿ ಅಂಥ ಒಂದು ಕೇಂದ್ರ ಇದೆ. ಬಾಟಲಿಯನ್ನು ನೀರಿಗೆ ಇಳಿಸಿ ಮಾದರಿ ತೆಗೆಯುತ್ತಾರೆ. ಅದನ್ನು ದಪ್ಪ, ಮಧ್ಯಮ, ನುಣುಪು ಎಂದು ಮೂರು ಭಾಗ ಮಾಡುತ್ತಾರೆ. 0.075 ಮಿಲಿಮೀಟರ್‌ಗಿಂತ ಸಣ್ಣದು ನುಣುಪು, 0.2ರ ಆಸುಪಾಸಿಗಿಂತ ದೊಡ್ಡದು ದಪ್ಪ. ಬಹಳ ಶ್ರದ್ಧೆಯ ಕೆಲಸ ಇದು. ಆದರೆ ಆ ಬಾಟಲಿಗೆ ಸಿಗುವುದು ನೀರಿನಲ್ಲಿ ತೇಲುವುದು ಮಾತ್ರ. ತಳದಲ್ಲಿ ಉರುಳಿಕೊಂಡು ಹೋಗುವ ಮರಳು, ಕಲ್ಲು ಅದರ ಕೆಳಗೇ ಹಾದು ಹೋಗುತ್ತವೆ. ಅದನ್ನು ಸಾಮಾನ್ಯವಾಗಿ ತೇಲುವ ಹೂಳಿನ ನೂರಕ್ಕೆ ಹತ್ತೋ ಇಪ್ಪತ್ತೋ ಎಂದು ಅಂದಾಜಿಗೆ ಸೇರಿಸಿಬಿಡುತ್ತಾರೆ. ಮರಳಿನ ಹರಾಜು, ಲಾರಿಯ ಪರ್ಮಿಟ್, ಸೇತುವೆಯ ಆಯುಷ್ಯ ಎಲ್ಲವೂ ಆ ಅಂದಾಜಿನ ಮೇಲೆ ನಿಂತಿವೆ.

ಜೋಳದ ಹೊಲದ ಹಾಗೆ, ಚೆಲ್ಲಿದ ರಾಗಿಯ ಹಾಗೆ ನಡೆದುಕೊಳ್ಳುವ ತಳಕ್ಕೆ ‘ನೂರಕ್ಕೆ ಹತ್ತು’ ಎಂಬ ಒಂದೇ ಅಂಕಿ ಸಾಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಾತ್ರದ ಮಟ್ಟ ಅಳೆಯಬೇಕು. ತಳದ ಮಣ್ಣನ್ನು ಜರಡಿ ಹಿಡಿದು ಕಲ್ಲೆಷ್ಟು, ಮರಳೆಷ್ಟು, ಜೇಡಿ ಎಷ್ಟು ಎಂದು ಬರೆದಿಡಬೇಕು. ಜಲಾಶಯದ ಮುಂದಿನ ಸರ್ವೆ ಬರೀ ಟಿಎಂಸಿ ಹೇಳದೆ, ಎಲ್ಲಿ ಯಾವ ಬಗೆಯ ಹೂಳು ಎಷ್ಟು ಆಳಕ್ಕಿದೆ ಎಂದು ಕೊಳವೆ ಇಳಿಸಿ ನೋಡಿ ಹೇಳಬೇಕು. ಆ ನಕ್ಷೆಯನ್ನು ಮುಂಡರಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಯ ಪಂಚಾಯ್ತಿಗಳ ಗೋಡೆಗೆ ಅಂಟಿಸಬೇಕು. ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಯಾವ ದಿಬ್ಬದಲ್ಲಿ ಮರಳಿದೆ, ಯಾವುದರಲ್ಲಿ ಹೊಲಕ್ಕೆ ಹಾಕುವ ಗೋಡಿದೆ ಎಂದು ಟ್ರ್ಯಾಕ್ಟರ್ ಇಳಿಸುವ ಮುಂಚೆಯೇ ಅವರಿಗೆ ಗೊತ್ತಿರಲಿ.